ಸ್ವಾಮಿ ದೀಪದ ವೈರು

ಗಂಗಪ್ಪ, ಅವತ್ತು ನೀನು ಲಾಕ್ ಎತ್ತಿದ್ದೆ. ನಿನ್ನ ಕೈ ತಪ್ಪಿರಲಿಲ್ಲ. ತಪ್ಪು ಮಾಡಿದವನು ನಾನು — ಮಾಡಿ, ಮುಚ್ಚಿಟ್ಟು, ಎಲ್ಲರೆದುರು ಅದನ್ನು ನಿನ್ನ ತಲೆಗೆ ಕಟ್ಟಿದವನೂ ನಾನೇ.

ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ ಅಂದರೆ... ಇರಲಿ, ಕಾರಣ ಹುಡುಕುತ್ತ ಕೂತರೆ ಸಿಕ್ಕೇ ಸಿಗುತ್ತದೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ತೊಂಬತ್ತರ ದಶಕ. ದೊಡ್ಡಬಳ್ಳಾಪುರದ ಹೊರಗೆ ಕಾರ್ಖಾನೆಯೊಂದಕ್ಕೆ ಪಾಯ ತೋಡುವ ಕೆಲಸ ನಡೆಯುತ್ತಿತ್ತು. ನೀನು ಎಕ್ಸ್‌ಕವೇಟರ್ ಆಪರೇಟರ್. ನಿನ್ನ ತಂಗಿ ಜಯಮ್ಮನ ಗಂಡ ಮುನಿರಾಜು ಅದೇ ಗಾಡಿಗೆ ಗ್ರೀಸ್ ಹೊಡೆಯುವ ಕೆಲಸಕ್ಕೆ ನಿನ್ನ ಮಾತಿನ ಮೇಲೆ ಸೇರಿದ್ದ. ನಾನು ಮಗ್ಗದ ಮೋಟರು ರಿಪೇರಿ ಬಿಟ್ಟು ಈ ಗಾಡಿಗಳ ವೈರಿಂಗಿಗೆ ಬಂದವನು. ಇವಕ್ಕೆ ಕರೆಂಟಿನ ಕಾಯಿಲೆ ಬಂದರೆ ಸೀನನೇ ಗತಿ ಎಂದು ಜನ ಹೇಳುತ್ತಿದ್ದರು. ಅವರಿಗಿಂತ ಹೆಚ್ಚು ಸಲ ನಾನೇ ಹೇಳಿಕೊಳ್ಳುತ್ತಿದ್ದೆ.

ಆಯುಧಪೂಜೆಗೆ ನೀನು ಕ್ಯಾಬಿನ್ನಿನಲ್ಲಿ ಸ್ವಾಮಿ ಪಟ ಇಟ್ಟು, ಅದರ ಮುಂದೆ ಒಂದು ಕೆಂಪು ಬಲ್ಬು ಹಾಕಿಕೊಡು ಅಂದೆ. ಕೈಗೆ ಹತ್ತಿರ ಸಿಕ್ಕಿದ ವೈರಿನಿಂದ ಕರೆಂಟು ಎಳೆದುಕೊಟ್ಟೆ. ಅದು ಲಾಕಿನ ವೈರು. ಸೀಟಿನ ಪಕ್ಕದ ಲಾಕಿನ ಹಿಡಿ ಎತ್ತಿದರೆ ಒಂದು ಕಾಯಿಲ್‌ಗೆ ಕರೆಂಟು ನಿಲ್ಲುತ್ತದೆ. ಕರೆಂಟು ನಿಂತರೆ ಲಿವರ್ ಎಷ್ಟು ಎಳೆದರೂ ಗಾಡಿಯ ತೋಳಾದ ಬೂಮಾಗಲಿ, ಮಣ್ಣು ತೋಡುವ ಬಕೆಟ್ಟಾಗಲಿ ಕದಲುವುದಿಲ್ಲ. ಹಾಗಾಗಿ ಹಿಡಿ ಎತ್ತಿದಾಗಲೆಲ್ಲ ಬಲ್ಬೂ ಆರುತ್ತಿತ್ತು.

"ನಾನು ಇಳಿದಾಗೆಲ್ಲ ಸ್ವಾಮಿ ದೀಪ ಆರೋಗ್ತದೆ ಕಣೋ ಸೀನ. ಮನಸ್ಸಿಗೆ ಒಂಥರಾ ಆಗ್ತದೆ," ಅಂದೆ.

"ಅಷ್ಟೇ ತಾನೆ? ಆರ್ದಂಗೆ ಮಾಡ್ಕೊಡ್ತೀನಿ ಬಿಡು ಗುರು."

ಫ್ಯೂಸಿನಿಂದ ಇನ್ನೊಂದು ವೈರು ತಂದು ಅದೇ ಬಲ್ಬಿಗೆ ಸೇರಿಸಿದೆ. ಹಳೆಯ ವೈರನ್ನು ಕತ್ತರಿಸಲಿಲ್ಲ. ಕತ್ತರಿಸಬೇಕು ಅನ್ನುವುದು ಕೆಲಸ ಕಲಿಯಲು ಬಂದವನಿಗೂ ಗೊತ್ತು — ಹೊಸ ಕರೆಂಟು ಬಲ್ಬಿನ ಹತ್ತಿರ ಬಂದು ಸುಮ್ಮನಿರುವುದಿಲ್ಲ, ಹಳೆಯ ವೈರಿನಲ್ಲಿ ಹಿಂದಕ್ಕೆ ಹರಿದು ಆ ಕಾಯಿಲ್‌ಗೂ ಹೋಗುತ್ತದೆ. ಅಂದರೆ ಹಿಡಿ ಎತ್ತಿದರೂ ಗಾಡಿ ಲಾಕ್ ಆಗುವುದಿಲ್ಲ. ದೀಪ ಆರಲಿಲ್ಲವಲ್ಲ, ನಾನು ಅಷ್ಟನ್ನೇ ನೋಡಿ ಕಡ್ಲೆಪುರಿ ತಿನ್ನುತ್ತ ಮನೆಗೆ ಹೋದೆ.

ಹಬ್ಬ ಕಳೆದು ಕೆಲಸ ಶುರುವಾದ ಮೇಲೆ ಒಂದು ಮಧ್ಯಾಹ್ನ ನನಗೆ ಹೇಳಿಕಳಿಸಿದರು. ನಾನು ಬರುವಷ್ಟರಲ್ಲಿ ಮುನಿರಾಜುವನ್ನು ಆಸ್ಪತ್ರೆಗೆ ಸಾಗಿಸಿದ್ದರು. ರಕ್ತದ ಮೇಲೆ ಯಾರೋ ಮಣ್ಣು ಎಳೆದಿದ್ದರು. ಎಂಜಿನ್ ಓಡುತ್ತಿದ್ದಾಗ ನೀನು ಊಟದ ಕ್ಯಾರಿಯರ್ ಹಿಡಿದು ಎದ್ದೆಯಂತೆ, ಅದು ಲಿವರ್‌ಗೆ ತಗುಲಿತಂತೆ, ಬಕೆಟ್ಟು ಹೊರಳಿ ಪಕ್ಕದಲ್ಲಿ ಗ್ರೀಸ್ ಹೊಡೆಯುತ್ತಿದ್ದ ಅವನ ಕಾಲನ್ನು ಜಜ್ಜಿತಂತೆ. ನೀನು ಒಂದೇ ಮಾತು ಹೇಳುತ್ತಿದ್ದೆ — "ಲಾಕ್ ಎತ್ತೇ ಎದ್ದಿದ್ದು. ನನ್ ತಂಗಿ ಆಣೆ, ಎತ್ತಿದ್ದೆ."

ಕ್ಯಾಬಿನ್ ಹತ್ತಿದೆ. ಲಾಕ್ ಎತ್ತಿ, ಕಾಯಿಲ್ಲಿನ ವೈರಿಗೆ ಟೆಸ್ಟ್ ಲ್ಯಾಂಪ್ ಮುಟ್ಟಿಸಿದೆ. ಉರಿಯಬಾರದ ಲ್ಯಾಂಪು ಉರಿಯಿತು.

ಎದುರಿಗೇ ಸ್ವಾಮಿ ಪಟ, ಅದರ ಮುಂದೆ ನನ್ನ ಬಲ್ಬು. ಕೆಳಗೆ ಮಾಲೀಕರು, ಮೇಸ್ತ್ರಿ, ಆಳುಗಳು, ಏಣಿ ಹಿಡಿದುಕೊಂಡು ನೀನು — ಎಲ್ಲರ ಕಣ್ಣೂ ಮೇಲೆ. ಮಾಡಬೇಕಾದದ್ದು ಏನೆಂದು ನನಗೆ ಗೊತ್ತಿತ್ತು, ಗೊತ್ತಿರಲಿಲ್ಲ ಅನ್ನಲಾರೆ. ಎಲ್ಲರಿಗೂ ಬೆನ್ನು ಹಾಕಿ ಕೂತು, ಎರಡೂ ವೈರು ಕಿತ್ತು, ಸುತ್ತಿ ಜೇಬಿಗೆ ಹಾಕಿಕೊಂಡೆ.

"ಏನಪ್ಪಾ ಸೀನ, ಲಾಕ್ ಹೆಂಗೈತೆ?" ಮಾಲೀಕರು ಕೇಳಿದರು.

"ಲಾಕ್ ಸರಿಯಾಗೇ ಐತೆ ಸಾರ್. ನೀವೇ ನೋಡಿ."

ಎಂಜಿನ್ ಹಾಕಿಸಿ, ಹಿಡಿ ಎತ್ತಿ, ಲಿವರನ್ನು ಆ ಕಡೆ ಈ ಕಡೆ ಎಳೆದು ತೋರಿಸಿದೆ. ಗಾಡಿ ಅಲ್ಲಾಡಲಿಲ್ಲ. ನೀನು ಬಂದು ಕ್ಯಾಬಿನ್ನಿನೊಳಗೆ ಇಣುಕಿ ನೋಡಿದೆ.

"ದೀಪನೂ ಆರೋಗಿದೆಯಲ್ಲೋ," ಅಂದೆ. ಆಮೇಲೆ ಲಾಕ್ ಎತ್ತಿದ್ದೆ ಅನ್ನುತ್ತಿದ್ದ ನಿನ್ನ ಕೈಯನ್ನೇ ನೋಡುತ್ತ ನಿಂತೆ. ನಾನು ತಲೆ ತಗ್ಗಿಸಿ ಇಳಿದು ಹೋದೆ.

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಂಡವನು ನೀನು. ಮುನಿರಾಜುವಿನ ಕಾಲು ಮೊಣಕಾಲಿನ ಕೆಳಗೆ ಹೋಯಿತು. ಜಯಮ್ಮ ನಿನ್ನನ್ನು ಮನೆಯೊಳಗೆ ಸೇರಿಸಲಿಲ್ಲ. ನೀನು ಮತ್ತೆ ಯಾವ ಗಾಡಿಯನ್ನೂ ಮುಟ್ಟದೆ ನೆಲಮಂಗಲದ ಕಡೆ ವಾಚ್‌ಮನ್ ಆದೆ. ಎಷ್ಟೋ ವರ್ಷದ ಮೇಲೆ ಅಲ್ಲಿಯ ಬಸ್ ನಿಲ್ದಾಣದಲ್ಲಿ ಸಿಕ್ಕಿದಾಗ ಟೀ ಕುಡಿಸಿ, "ಎತ್ತಿರ್ಲಿಲ್ಲ ಅನ್ಸುತ್ತೆ ಕಣೋ. ಎತ್ತಿದ್ದೆ ಅಂತ ನಾನೇ ಅಂದ್ಕೊಂಡ್ಬಿಟ್ಟಿದ್ದೆ," ಅಂದೆಯಲ್ಲ — ಆಗಲೂ ನಾನು ಟೀ ಕುಡಿದು ಲೋಟ ಇಟ್ಟು ಬಸ್ಸು ಹತ್ತಿದೆ. ಗಂಗಪ್ಪ, ಕಾಯಿಲ್ಲಿನ ಮುಂದೆ ಹೆದರಿದ್ದು ಒಂದು ಗಳಿಗೆಯ ಮಾತು. ಆ ಟೀ ಅಂಗಡಿಯ ಮುಂದೆ ಯಾರ ಹೆದರಿಕೆಯೂ ಇರಲಿಲ್ಲ. ಅದಕ್ಕೆ ಏನು ಹೆಸರಿಡಲಿ...

ಮೊನ್ನೆ ಜಡಿಗೇನಹಳ್ಳಿಗೆ, ಜಯಮ್ಮನ ಮನೆಗೆ ಹೋದೆ. ನಿನಗಿಂತ ಮೊದಲು ಅವಳು ನಂಬಬೇಕಿತ್ತು. ಜಗಲಿಯ ಮೇಲೆ ಕೂತಿದ್ದ ಮುನಿರಾಜುವಿನ ಎದುರಿಗೇ ಎಲ್ಲವನ್ನೂ ಹೇಳಿದೆ. ಅವನು ಬೈಯಲಿಲ್ಲ. ಇಷ್ಟೇ ಹೇಳಿದ.

"ಅವನು ಲಾಕ್ ಎತ್ತಿದ್ದು ಗಾಜಿನೊಳಗಿಂದ ನಂಗೆ ಕಂಡಿತ್ತು. ನೀನು ಲಾಕ್ ಸರಿಯಾಗೈತೆ ಅಂದ್ಯಂತೆ, ಎಲ್ರಿಗೂ ತೋರ್ಸಿದ್ಯಂತೆ. ಅದಕ್ಕೆ ನನ್ ಕಣ್ಣೇ ಸುಳ್ಳು ಅಂದ್ಕೊಂಡೆ."

ಜಯಮ್ಮ ನನ್ನ ಕಡೆ ನೋಡದೆ ಹೇಳಿದಳು: "ನಮ್ಮಣ್ಣನ ಹತ್ರ ನಾವೇ ಹೋಗ್ತೀವಿ. ನೀನು ಬರಬೇಡ."

ಬರುವುದಿಲ್ಲ. ನಿನ್ನೆದುರು ನಿಂತು ಕ್ಷಮಿಸು ಅನ್ನುವುದೂ ಇಲ್ಲ. ಅವತ್ತು ಆ ಗಾಡಿಯ ಸುತ್ತ ನಿಂತಿದ್ದವರಲ್ಲಿ ಬದುಕಿರುವವರನ್ನು ಹುಡುಕಿಕೊಂಡು ಒಬ್ಬೊಬ್ಬರ ಮನೆಗೂ ಹೋಗುತ್ತಿದ್ದೇನೆ. ಕೆಲವರಿಗೆ ನಿನ್ನ ಹೆಸರೇ ಮರೆತಿದೆ. ತಂಗಿ ಗಂಡನ ಕಾಲು ತೆಗೆದ ಆಪರೇಟರ್ ಅಂದರೆ ಮಾತ್ರ ತಕ್ಷಣ ನೆನಪಾಗುತ್ತದೆ. ಅದು ಅವನಲ್ಲ, ನಾನು ಎಂದು ಹೇಳಿ, ಅವರು ಏನಂದರೂ ಕೇಳಿಕೊಂಡು, ಮುಂದಿನ ಮನೆಗೆ ಹೋಗುತ್ತೇನೆ.