ಒಂದೇ ಶರೀರದ ಪಾಠ ಹೇಳಿದ ದೊಡ್ಡ ಟೀಚರು

ಕಥೋಲಿಕ ಧರ್ಮಸಭೆಯ ತತ್ತ್ವಗಳನ್ನು ಸಾಮಾನ್ಯರ ಮನಸ್ಸಿಗೆ ಮುಟ್ಟುವಂತೆ ಬೋಧಿಸಿದವರಲ್ಲಿ ನಮ್ಮ ದೊಡ್ಡ ಟೀಚರಿಗೆ ಗೌರವದ ಸ್ಥಾನವಿದೆ. ಮೂವತ್ತನಾಲ್ಕು ವರ್ಷ ಧರ್ಮೋಪದೇಶಕರನ್ನು ತರಬೇತುಗೊಳಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಅವರು, ಒಮ್ಮೆ ದೇವಾಲಯದ ಗುರುಗಳು ಬರೆದ ಪ್ರಕಟಣೆಯ ಕಾಗುಣಿತವನ್ನೂ ಕೆಂಪು ಶಾಯಿಯಲ್ಲಿ ತಿದ್ದಿ ಕಳುಹಿಸಿದವರು; ಅಂದಿನಿಂದ ಗುರುಗಳು ಪ್ರಕಟಣೆಗಳನ್ನು ಬಾಯಲ್ಲೇ ಹೇಳತೊಡಗಿದರು.

ಕ್ರಿಸ್ತರು ಶಿರಸ್ಸು, ದೀಕ್ಷಾಸ್ನಾನ ಪಡೆದ ನಾವೆಲ್ಲ ಅಂಗಗಳು, ಧರ್ಮಸಭೆಯೇ ಅವರ ನಿಗೂಢ ಶರೀರ ಎಂಬ ಪಾಠವನ್ನು ಮೊದಮೊದಲು ಅವರು ಕಪ್ಪುಹಲಗೆಯ ಮೇಲೆ ಬರೆದು, ಒಬ್ಬೊಬ್ಬರಿಂದಲೂ ಒಪ್ಪಿಸಿಕೊಂಡೇ ಬಿಡುತ್ತಿದ್ದರು. ಹನ್ನೊಂದನೆಯ ವರ್ಷ ಆ ಪಾಠ ಅವರ ಕೈಮೀರಿತು.

ಆ ಸಾಲಿನ ತರಗತಿಯಲ್ಲಿ ಒಬ್ಬ ದರ್ಜಿಯಿದ್ದ. ಅದಕ್ಕೆ ಎರಡು ವರ್ಷ ಮೊದಲು ವ್ಯಾನ್ ಡ್ರೈವರೊಬ್ಬ ಹಿಂದೆ ನೋಡದೆ ರಿವರ್ಸ್ ತೆಗೆದಾಗ ದರ್ಜಿಯ ಆರು ವರ್ಷದ ಮಗಳು ಚಕ್ರಕ್ಕೆ ಸಿಕ್ಕಿ ತೀರಿಕೊಂಡಿದ್ದಳು. ಶಿಕ್ಷೆ ಮುಗಿಸಿ ಬಂದ ಡ್ರೈವರ್ ಪ್ರತಿ ಭಾನುವಾರ ದೇವಾಲಯದ ಬಾಗಿಲ ಹೊರಗೇ ನಿಂತು ಬಲಿಪೂಜೆ ಕೇಳಿ ಹೋಗುತ್ತಿದ್ದ. ಅವನನ್ನು ಮಾತನಾಡಿಸುವವರಿರಲಿಲ್ಲ.

"ಟೀಚರ್, ಆ ಡ್ರೈವರ್ರೂ ಈ ಶರೀರದ ಅಂಗಾನಾ?" ದರ್ಜಿ ಎದ್ದು ನಿಂತು ಕೇಳಿದ.

"ಹೌದು, ದೀಕ್ಷಾಸ್ನಾನ ಪಡೆದವರೆಲ್ಲ," ಎಂದರು ಟೀಚರು, ಪುಸ್ತಕದಿಂದ ತಲೆಯೆತ್ತದೆ.

"ಹಂಗಾದ್ರೆ ನನ್ನ ಕತ್ತರಿಸಿ ಹಾಕಿ," ಎಂದವನೇ ಹೊರಟುಹೋದ.

ಉತ್ತರವೇನೋ ಸರಿಯಿತ್ತು, ಕೊಟ್ಟ ರೀತಿ ಟೀಚರನ್ನು ಚುಚ್ಚಿತು. ಮರುದಿನ ಬೆಳಿಗ್ಗೆಯೇ ಅವನ ಅಂಗಡಿಗೆ ಹೋದರು.

"ನಿನ್ನೆ ಹೇಳಿದ್ದು ಸುಳ್ಳಲ್ಲಪ್ಪ. ಆದ್ರೆ ನಿನ್ನ ಮಗಳ ಮಾತೆತ್ತದೆ ಅದನ್ನ ಹೇಳಬಾರದಿತ್ತು. ಅವಳೂ ಆ ಶರೀರದಲ್ಲೇ ಇದ್ದಾಳೆ. ಸಾವು ಅವಳನ್ನ ಕಿತ್ಕೊಂಡು ಹೋಗಿಲ್ಲ."

ದರ್ಜಿ ಹೊಲಿಗೆಯಂತ್ರ ತುಳಿಯುವುದನ್ನು ನಿಲ್ಲಿಸಿದ. ಅವನ ಹೆಂಡತಿ ಒಳಗಿನಿಂದ ಬಂದು, "ಅವಳ ಮಾತು ಯಾರೂ ಎತ್ತಲ್ಲ ಟೀಚರ್. ಇನ್ನೊಂಚೂರು ಕೂತ್ಕೊಳ್ಳಿ," ಎಂದಳು.

ಅಂದಿನಿಂದ ಎಂಟು ತಿಂಗಳು, ಪ್ರತಿ ಗುರುವಾರ, ಟೀಚರು ಆ ಅಂಗಡಿಯಲ್ಲಿ ಕೂತು ಅಂಗಿಗಳಿಗೆ ಗುಂಡಿ ಹಾಕಿಕೊಡುತ್ತ ಮಗುವಿನ ಕಥೆಗಳನ್ನು ಕೇಳಿದರು. ಅವರು ಹೋದ ಮೇಲೆ ದರ್ಜಿ ಅಷ್ಟೂ ಗುಂಡಿಗಳನ್ನು ಬಿಚ್ಚಿ ಮತ್ತೆ ಹಾಕುತ್ತಿದ್ದನೆಂಬುದು ನಮಗೆ ತಿಳಿದದ್ದು ಎಷ್ಟೋ ಕಾಲದ ನಂತರ. ಭಾನುವಾರಗಳಲ್ಲಿ ಮಾತ್ರ ಟೀಚರು ಮುಂದಿನ ಸಾಲಿನ ತಮ್ಮ ಜಾಗ ಬಿಟ್ಟು ಡ್ರೈವರನ ಪಕ್ಕ ಹೊರಗೆ ನಿಂತರು. ದರ್ಜಿಯಿಂದ ಅದನ್ನು ಮುಚ್ಚಿಡಲಿಲ್ಲ; ಡ್ರೈವರನನ್ನು ಕ್ಷಮಿಸು ಎಂದು ಅವನಿಗೆ ಒಮ್ಮೆಯೂ ಹೇಳಲಿಲ್ಲ.

ಒಂದು ಭಾನುವಾರ ಪೂಜೆಯ ನಡುವೆ ದರ್ಜಿ ಎದ್ದು ಬಾಗಿಲಿಗೆ ಬಂದ. ಡ್ರೈವರನ ಮುಖ ನೋಡದೆ ಅವನು ಹೇಳಿದ್ದಿಷ್ಟೇ:

"ಒಳಗೆ ಬಾ. ನನ್ನ ಹತ್ರ ಕೂರಬೇಡ. ಆದ್ರೆ ಒಳಗೆ ಬಾ."

ಅವರಿಬ್ಬರೂ ಗೆಳೆಯರಾಗಲಿಲ್ಲ. ಪರಮಪ್ರಸಾದದ ಸಾಲಿನಲ್ಲಿ, ನಡುವೆ ಹತ್ತು ಜನರನ್ನು ಬಿಟ್ಟು, ಇಂದಿಗೂ ನಿಲ್ಲುತ್ತಾರೆ. ಟೀಚರು ಆ ಪಾಠವನ್ನು ಮತ್ತೆಂದೂ ಒಪ್ಪಿಸಿಕೊಳ್ಳಲಿಲ್ಲ.

ವಿಶ್ರಾಂತಿ ತೆಗೆದುಕೊಳ್ಳಿ ಎಂದು ಇಂಥವರಿಗೆ ಹಾರೈಸುವ ಧೈರ್ಯ ನಮಗಿಲ್ಲ; ಮುಂದಿನ ಸೋಮವಾರದಿಂದ ಕಾರಾಗೃಹದಲ್ಲಿ ತರಗತಿ ನಡೆಸಲು ಅವರು ಆಗಲೇ ಒಪ್ಪಿಕೊಂಡಾಗಿದೆ. ಭಗವಂತನು ಅವರಿಗೆ ತುಂಬು ಆಯುಸ್ಸನ್ನೂ ಗಟ್ಟಿ ಮಂಡಿಗಳನ್ನೂ ದಯಪಾಲಿಸಲಿ. ಅಲ್ಲಿ ಮೆಟ್ಟಿಲುಗಳು ಬಹಳವೆಂದು ಕೇಳಿದ್ದೇವೆ.