ಕಮಳಾಬಾಯಿ ಮಾಡಿದ ರೈಲಿಗೆ ಬೇರೆಯವರ ಹೆಸರು

ಬಸವಕಲ್ಯಾಣದ ಕೋಟೆಯ ಹಿಂದಿನ ಓಣಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಕಮಳಾಬಾಯಿ ಹೊಸ್ತಿಲ ಬಳಿ ಕುಳಿತು ಹಗುರವಾದ ಬಿಳಿ ಬೆಂಡು ಸೀಳುತ್ತಿದ್ದಾರೆ. ಬಿಸಿಲೇರಿದರೆ ಬೆಂಡು ಒಣಗಿ ಪುಡಿಯಾಗುತ್ತದೆ, ಹಾಗಾಗಿ ಈ ಕೆಲಸ ಮುಗಿಯುವವರೆಗೆ ಅವರು ಚಹಾ ಕೂಡ ಮುಟ್ಟುವುದಿಲ್ಲ. ಲಗ್ನದ ಹಂಗಾಮಿನಲ್ಲಿ ದಿನಕ್ಕೆ ನಾಲ್ಕು ಜೋಡಿ ಬಾಸಿಂಗ ಅವರ ಕೈಯಿಂದ ಹೊರಬರುತ್ತವೆ. ಮಂಠಾಳದಿಂದ ಹುಮನಾಬಾದಿನವರೆಗೆ ಎಷ್ಟು ಮದುಮಕ್ಕಳ ಹಣೆಗೆ ಅವರ ಬಾಸಿಂಗ ಏರಿದೆಯೋ ಅವರಿಗೇ ಲೆಕ್ಕವಿಲ್ಲ.

ಇಂದು ಮಾತ್ರ ಅವರು ಸೀಳುತ್ತಿರುವುದು ಬಾಸಿಂಗಕ್ಕಲ್ಲ, ಹಿಮಕ್ಕೆ. ಬೆಂಡಿನ ಪುಡಿಯನ್ನು ಜರಡಿ ಹಿಡಿದು, ಹುಣಸೆ ಬೀಜದ ಅಂಟು ಸವರಿದ ಗುಡ್ಡದ ಮೇಲೆ ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತಾರೆ. ಗುಡ್ಡದ ಕೆಳಗೆ ಸುರಂಗ, ಸುರಂಗದ ಮುಂದೆ ಜಪಾನಿ ಅಕ್ಷರದ ಫಲಕ ಹೊತ್ತ ಮರದ ಪುಟ್ಟ ಸ್ಟೇಷನ್, ಅದರ ಮುಂದೆ ಎರಡು ಡಬ್ಬಿಯ ರೈಲು. ಇಷ್ಟೂ ಇರುವುದು ಹಿಟ್ಟು ನಾದುವ ಒಂದು ಪರಾತದೊಳಗೆ. ಹಳಿ ಎಂದರೆ ಸೀಮೆಎಣ್ಣೆ ಡಬ್ಬದ ತಗಡು. ಹಳಿಯ ಕೆಳಗಿನ ಮರದ ಪಟ್ಟಿಗಳು ಬಿದಿರು ಬುಟ್ಟಿಯ ಸೀಳು, ಒಂದು ಪರಾತಕ್ಕೆ ಮುನ್ನೂರ ಅರವತ್ತು. ರೈಲನ್ನು ಓಡಿಸುವುದು ಗಡಿಯಾರ ರಿಪೇರಿಯ ಜಲಾಲುದ್ದೀನ್ ಕೊಟ್ಟ ಹಳೆಯ ಸ್ಪ್ರಿಂಗು. ಇದು ಅವರ ಹದಿನೇಳನೆಯ ಪರಾತ.

ಕಲ್ಯಾಣಕ್ಕೆ ರೈಲಿಲ್ಲ. ಹುಮನಾಬಾದಿಗೂ ಇಲ್ಲ. ಐವತ್ತೆರಡು ವರ್ಷದ ಕಮಳಾಬಾಯಿ ರೈಲು ಕಂಡದ್ದು ಭಾಲ್ಕಿಯಲ್ಲಿ, ನಾದಿನಿಯ ಮದುವೆಗೆ ಹೋದಾಗ, ಒಂದೇ ಸಲ. ಹಾಗಿದ್ದರೆ ಜಪಾನು ಅವರ ಮನೆಗೆ ಬಂದದ್ದು ಹೇಗೆ? ಲಾರಿ ಓಡಿಸುವ ಗಂಡ ಬಕ್ಕಪ್ಪ ಬಾಸಿಂಗದ ಹಿಂಬದಿಗೆ ಅಂಟಿಸಲೆಂದು ಹೈದರಾಬಾದಿನಿಂದ ರದ್ದಿ ಕಾಗದ ತರುತ್ತಿದ್ದರು. ೧೯೬೬ರಲ್ಲಿ ಅಂಥ ಒಂದು ಕಟ್ಟಿನೊಳಗೆ ಜಪಾನಿ ಪತ್ರಿಕೆಯೊಂದು ಸಿಕ್ಕಿತು. ಅದರ ಚಿತ್ರಗಳಲ್ಲಿ ಹಿಮ ಬಿದ್ದ ಗುಡ್ಡ, ಚೂಪು ಮರಗಳು, ಒಂಟಿ ಸ್ಟೇಷನ್ನು. ಕಮಳಾಬಾಯಿ ಅದನ್ನು ಕತ್ತರಿಸದೆ ಎತ್ತಿಟ್ಟರು.

“ಖರೇ ಊರಂತ ತಿಳಕೊಂಡಿದ್ದೆ. ಕಡೀ ಹಾಳ್ಯಾಗ ಒಬ್ಬಾಂವ ಸ್ಟೇಷನ್ ಛಾವಣಿ ಮ್ಯಾಲ ಬೆರಳಿಟ್ಟಾನ. ಬೆರಳು ಛಾವಣಿಗಿಂತ ದೊಡ್ಡದದ. ಆಗ ತಿಳೀತು, ಇದು ಕೈಲೆ ಮಾಡಿದ್ದಂತ. ಅವರ ಕೈಲೆ ಆಗತದಂದ್ರ ನನ್ನ ಕೈಲೆ ಯಾಕ ಆಗಬಾರದು?”

ಮೊದಲ ಪರಾತಕ್ಕೆ ಎರಡು ವರ್ಷ ಹಿಡಿಯಿತು. ಸ್ಟೇಷನ್ನಿನ ಫಲಕದ ಜಪಾನಿ ಅಕ್ಷರಗಳನ್ನೂ ಕೂದಲಿನ ಕುಂಚದಿಂದ ಬರೆದರು. ಓದು ಬಾರದ ಹೆಂಗಸು ಅದನ್ನು ಹೇಗೆ ಬರೆದರು ಎಂದು ಕೇಳಿದೆ. ತಾವು ಮದುವೆಯಾಗಿ ಬಂದ ವರ್ಷ ಊರು ಹೈದರಾಬಾದು ಬಿಟ್ಟು ಕನ್ನಡ ರಾಜ್ಯಕ್ಕೆ ಸೇರಿತು, ಉರ್ದು ಬೋರ್ಡು ಹೋಗಿ ಕನ್ನಡ ಬೋರ್ಡು ಬಂದವು, ತಮಗೆ ಎರಡೂ ಬರೀ ಚಿತ್ರವೇ, ಜಪಾನಿಯೂ ಅಂಥದ್ದೇ ಒಂದು ಚಿತ್ರ ಎಂದರು.

೧೯೭೫ರಲ್ಲಿ ಹುಮನಾಬಾದಿನ ಶಾಲೆಯೊಂದರ ಭೂಗೋಳದ ಮಾಸ್ತರು ಮಹಾರುದ್ರಪ್ಪ, ಮಗಳ ಬಾಸಿಂಗಕ್ಕೆಂದು ಬಂದವರು, ಮನೆಯಲ್ಲಿದ್ದ ಆ ಮೊದಲ ಪರಾತ ಕಂಡರು. ಜಪಾನಿನ ಪಾಠಕ್ಕೆ ಹದಿನೈದು ದಿನ ಬೇಕು ಎಂದು ಕೇಳಿದರು. ಮಕ್ಕಳು ನೋಡಲಿ ಎಂದು ಕಮಳಾಬಾಯಿ ಕೊಟ್ಟರು. ಶಾಲೆಯ ಜವಾನ ಶರಣಪ್ಪ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದರು.

ಪರಾತ ಮರಳಲಿಲ್ಲ. ಎಂಟು ತಿಂಗಳ ನಂತರ ಹೊಸ ರದ್ದಿ ಕಟ್ಟು ಬಿಚ್ಚಿದಾಗ ಕಮಳಾಬಾಯಿಗೆ ಪತ್ರಿಕೆಯೊಂದರಲ್ಲಿ ತಮ್ಮ ಗುಡ್ಡ, ತಮ್ಮ ಸುರಂಗ ಕಂಡವು. ಪಕ್ಕದಲ್ಲಿ ಪಾರಿತೋಷಕ ಹಿಡಿದು ನಗುತ್ತಿರುವ ಮಹಾರುದ್ರಪ್ಪ. ಪಕ್ಕದ ಮನೆಯವರಿಂದ ಓದಿಸಿದರು. ಬೆಂಗಳೂರಿನ ವಸ್ತುಪ್ರದರ್ಶನದಲ್ಲಿ ಮಾಸ್ತರರ ಮಾದರಿಗೆ ಮೊದಲ ಬಹುಮಾನ ಬಂದಿತ್ತು. ಮರುದಿನವೇ ಬಸ್ಸು ಹತ್ತಿ ಶಾಲೆಗೆ ಹೋದರೆ, ಅದೀಗ ಶಾಲೆಯ ಆಸ್ತಿ ಎಂದರಂತೆ ಮಾಸ್ತರು. ಬಾಸಿಂಗ ಮಾಡುವವಳಿಗೆ ಜಪಾನಿನ ಸುದ್ದಿ ಏಕೆ ಎಂದೂ ಕೇಳಿದರಂತೆ. ವಾಪಸು ಬಂದ ಕಮಳಾಬಾಯಿ ಮೂರು ತಿಂಗಳು ಬೆಂಡು ಮುಟ್ಟಲಿಲ್ಲ.

ಆರು ವರ್ಷ ಕಳೆದ ಮೇಲೆ ಹೆದ್ದಾರಿ ಬದಿಯ ಕಾರ್ಖಾನೆಯೊಂದರಲ್ಲಿ ಯಂತ್ರ ಕೂಡಿಸಲು ಜಪಾನಿನ ಎಂಜಿನಿಯರರೊಬ್ಬರು ಬಂದರು. ಶಾಲೆಯವರು ಅವರನ್ನು ಕರೆಸಿ ಹಾರ ಹಾಕಿ, ಗಾಜಿನ ಅಲ್ಮಾರಿಯ ಪರಾತ ತೋರಿಸಿದರು. ಆತ ಬಹಳ ಹೊತ್ತು ಬಗ್ಗಿ ನೋಡಿ, ಫಲಕದಲ್ಲಿ ಒಂದು ಅಕ್ಷರದ ಕೆಳಗಿನ ಚಿಕ್ಕ ಗೆರೆ ಬಿಟ್ಟುಹೋಗಿದೆ, ‘ಬೇರು’ ಎಂದಿರಬೇಕಾದ್ದು ‘ಮರ’ ಎಂದಾಗಿದೆ, ಹೀಗೇಕೆ ಬರೆದಿರಿ ಎಂದು ಮಹಾರುದ್ರಪ್ಪನವರನ್ನು ಕೇಳಿದರು. ಉತ್ತರ ಬಂದದ್ದು ಬಾಗಿಲ ಬಳಿ ನಿಂತಿದ್ದ ಜವಾನ ಶರಣಪ್ಪನವರಿಂದ.

“ಮಾಡಿದಾಕಿ ಕಲ್ಯಾಣದಾಗ ಇದ್ದಾಳ್ರಿ. ಆಕೀನ ಕೇಳ್ರಿ” ಎಂದರು ಶರಣಪ್ಪ, ಎಲ್ಲರ ಎದುರಿಗೆ. ಆ ಒಂದು ಮಾತಿಗೆ ಅವರಿಗೆ ಶಾಲೆಯಿಂದ ನೋಟೀಸು ಸಿಕ್ಕಿತು.

ಮರುದಿನ ಕಾರ್ಖಾನೆಯ ಜೀಪು ಓಣಿಗೆ ಬಂತು. ಕಮಳಾಬಾಯಿ ಪೆಟ್ಟಿಗೆಯಿಂದ ಹಳೆಯ ಪತ್ರಿಕೆ ತೆಗೆದು ಹಾಳೆ ಬಿಚ್ಚಿದರು. ಆ ಅಕ್ಷರದ ಬುಡದಲ್ಲಿ, ಚಿಕ್ಕ ಗೆರೆ ಇರಬೇಕಾದ ಜಾಗದಲ್ಲೇ, ಹುಳು ಕೊರೆದ ತೂತು. ಅವರಿಗೆ ಕಂಡಷ್ಟನ್ನು ಅವರು ಬರೆದಿದ್ದರು. ಎಂಜಿನಿಯರ್ ಹಾಳೆಯನ್ನೂ ಅವರನ್ನೂ ನೋಡಿ, ಚಪ್ಪಲಿ ಕಳಚಿ, ಹೊಸ್ತಿಲಾಚೆ ನಿಂತು ಸೊಂಟ ಬಗ್ಗಿಸಿ ನಮಸ್ಕರಿಸಿದರು. ಕಮಳಾಬಾಯಿ ಏನು ಮಾಡಬೇಕೆಂದು ತಿಳಿಯದೆ ತಲೆಯ ಮೇಲೆ ಸೆರಗೆಳೆದುಕೊಂಡರಂತೆ.

ಮಾದರಿ ಮಾಡಿದವರು ಯಾರೆಂದು ಆತ ಶಾಲೆಗೆ ಪತ್ರ ಬರೆದುಕೊಟ್ಟು ಹೋಗಿ ನಾಲ್ಕು ವರ್ಷವಾಯಿತು. ಪತ್ರ ಕಡತದಲ್ಲಿದೆ, ನಾನು ನೋಡಿದ್ದೇನೆ. ಅಲ್ಮಾರಿಯೊಳಗಿನ ಹಳೆಯ ಚೀಟಿಯೂ ಹಾಗೇ ಇದೆ: ‘ಶಾಲಾ ವಿದ್ಯಾರ್ಥಿಗಳಿಂದ. ಮಾರ್ಗದರ್ಶನ: ಮಹಾರುದ್ರಪ್ಪ.’ ಅವರೀಗ ಮುಖ್ಯೋಪಾಧ್ಯಾಯರು. ಆಕೆ ಕೈಯಿಂದ ಮಾಡಿರಬಹುದು, ಕಲ್ಪನೆ ನಮ್ಮದು ಎಂದು ನನಗೆ ಹೇಳಿದರು. ಯಾವ ಕಲ್ಪನೆ ಮಾಸ್ತರೇ? ನೀವು ಆ ಪತ್ರಿಕೆಯನ್ನೇ ಕಂಡವರಲ್ಲ. ಒಂದು ಚೀಟಿ ಬದಲಿಸಲು ಬೇಕಾದದ್ದು ಅಂಗೈಯಗಲ ಕಾಗದ, ಎರಡು ಹನಿ ಶಾಯಿ. ನಾಲ್ಕು ವರ್ಷದಿಂದ ಅದು ಸಿಕ್ಕಿಲ್ಲವೆಂದರೆ ಬರ ಇರುವುದು ಕಾಗದಕ್ಕಲ್ಲ. ಶಿಕ್ಷಣ ಇಲಾಖೆಯವರಿಗೂ ಬರೆದೆ, ಉತ್ತರ ಬಂದಿಲ್ಲ.

ಇದನ್ನೆಲ್ಲ ನಾನು ಸಿಟ್ಟಿನಲ್ಲಿ ಹೇಳುವಾಗ ಕಮಳಾಬಾಯಿ ತಲೆಯೆತ್ತದೆ ಹಿಮ ಉದುರಿಸುತ್ತಲೇ ಇದ್ದಾರೆ. ಶಾಲೆಯ ಪರಾತದ ಮೇಲೆ ಧೂಳು ಕೂತಿದೆ, ಹಿಂದಿನ ಡಬ್ಬಿ ಹಳಿಯಿಂದ ಇಳಿದು ಪಕ್ಕದ ಚೂಪು ಮರಕ್ಕೆ ಒರಗಿದೆ ಎಂದಾಗ ಮಾತ್ರ ಕೈ ನಿಲ್ಲುತ್ತದೆ.

“ಹೆಸರಿನ ಮಾತು ನೀವು ಬರಕೊಳ್ರಿ, ನಾ ಬ್ಯಾಡ ಅನ್ನಂಗಿಲ್ಲ” ಎನ್ನುತ್ತಾರೆ. “ಮೊದಲ ಆ ಅಲ್ಮಾರಿ ಬೀಗ ತಗ್ಯಾಕ ಹೇಳ್ರಿ. ಅರ್ಧ ತಾಸು ಸಾಕು, ಡಬ್ಬಿ ಏರಿಸಿ ಬರ್ತೇನಿ. ನಾ ಮಾಡಿದ ಗಾಡಿ ತಾನಾಗಿ ಹಳಿ ಬಿಡಂಗಿಲ್ರಿ. ಯಾರೋ ಕೈ ಹಚ್ಚ್ಯಾರ.”