ಎಮ್ಮೆಯ ಕಿವಿಗೆ ಹೇಳಿದ ಮಾತು

ಕಾಂಪೌಂಡ್ ಗೋಡೆ ಏಳುವ ಜಾಗ ಗುರುತಿಸಲು ದಾರ ಕಟ್ಟಿದ ಬೆಳಿಗ್ಗೆ ಅಲ್ಲಿ ನಾನು, ನನ್ನ ಹೆಂಡತಿ, ಗಾರೆ ಮೇಸ್ತ್ರಿ, ಪಕ್ಕದ ಮನೆಯ ಹಾಲಿನಕ್ಕ, ಆಕೆಯ ಎರಡು ಎಮ್ಮೆಗಳು, ಇಷ್ಟು ಜನ ಇದ್ದೆವು. ವೈಟ್‌ಫೀಲ್ಡಿನ ಆಚೆ, ಪಿನಾಕಿನಿ ಹೊಳೆಯ ದಂಡೆಯ ಹೊಲಗಳು ಆಗಷ್ಟೇ ಸೈಟುಗಳಾಗಿದ್ದವು. ಕಾರ್ಖಾನೆಗೆ ಹೋಗುವ ನಮ್ಮಂಥವರು ಅಲ್ಲಿ ಮನೆ ಕಟ್ಟುತ್ತಿದ್ದೆವು.

ಹಾಲಿನಕ್ಕ ಯಾರಿಗೂ ಏನನ್ನೂ ನೇರವಾಗಿ ಹೇಳುತ್ತಿರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಮ್ಮೆಯ ಬೆನ್ನು ಸವರುತ್ತ, ನಮಗೆ ಹೇಳಬೇಕಾದ್ದನ್ನು ಅದಕ್ಕೆ ಹೇಳುತ್ತಿದ್ದಳು. "ನೋಡವ್ವ, ಅಣ್ಣಂಗೆ ಡೂಟಿಗೆ ಒತ್ತಾಯ್ತು" ಎಂದರೆ ನಾನು ಸೈಕಲ್ ಹತ್ತಬೇಕು.

ಅಂದು ಎಮ್ಮೆಗಳು ದಾರದ ಮುಂದೆ ನಿಂತುಬಿಟ್ಟವು. ಅವು ದಿನವೂ ಹೊಳೆಗೆ ಇಳಿಯುತ್ತಿದ್ದ ದಾರಿ ನನ್ನ ಸೈಟಿನ ಅಂಚಿನಲ್ಲೇ ಇತ್ತು.

"ನೋಡವ್ವ, ನಾಳೆಯಿಂದ ಲಾರಿ ರೋಡ್ನಾಗೆ ಸುತ್ಕೊಂಡು ಓಗಾನ. ಎದ್ರಬ್ಯಾಡ. ಅಣ್ಣಂದೇನೂ ತಪ್ಪಿಲ್ಲ, ಒಲ ಮಾರಿದ್ದು ನಮ್ಮ ಮಾವನೇ ಅಲ್ವಾ."

ಹೆಂಡತಿ ನನ್ನನ್ನು ತಿವಿದಳು. "ರೀ, ಅದು ಎಮ್ಮೆಗೆ ಹೇಳಿದ್ದಲ್ಲ ಕಣ್ರೀ."

"ನಂಗೂ ಕಿವಿ ಇದೆ ಕಣೆ" ಎಂದವನು, ಎಮ್ಮೆ ಹೋಗುವಷ್ಟು ಜಾಗ ಬಿಟ್ಟು ದಾರ ಕಟ್ಟಲು ಮೇಸ್ತ್ರಿಗೆ ಹೇಳಿದೆ.

"ಸೈಟು ಸಣ್ಣದಾಗ್ತದೆ ಸಾರ್."

"ಎಮ್ಮೆ ಸಣ್ಣದಾಗಲ್ವಲ್ಲಪ್ಪ."

ಹಾಲಿನಕ್ಕ ನನ್ನತ್ತ ತಿರುಗಲಿಲ್ಲ. "ನಡಿಯವ್ವ, ಅಣ್ಣನ ಒಟ್ಟೆ ತಣ್ಣಗಿರ್ಲಿ" ಎಂದು ಎಮ್ಮೆಯ ಬೆನ್ನು ತಟ್ಟಿ ಹೊಳೆಗೆ ಇಳಿದಳು.

ಆ ವರ್ಷ ಬಡಾವಣೆಯವರೆಲ್ಲ ಮೊದಲ ಸಲ ಸೇರಿ ಗಣಪತಿ ಕೂರಿಸಿದೆವು. ಹೊಳೆಯಲ್ಲಿ ಬಿಡಲು, ಎಮ್ಮೆಗಳಿಗೆಂದು ನಾನು ಬಿಟ್ಟಿದ್ದ ಓಣಿಯಲ್ಲೇ ಹೊತ್ತು ಹೊರಟಾಗ ಎಮ್ಮೆಗಳು ಮಿಂದು ಎದುರಿಗೆ ಬಂದವು. ನಾವು ಗಣಪತಿಯನ್ನು ಎತ್ತಿ ಹಿಡಿದು, ಗೋಡೆಗೆ ಒತ್ತಿಕೊಂಡು, ಅವು ದಾಟುವವರೆಗೆ ನಿಂತೆವು.